ಡ್ರಮ್ಮು ಇಟ್ಟ ಜಾಗ: ಬೇಲೂರು ಸೀಮೆಯ ಬಿತ್ತನೆ ಗೆಡ್ಡೆ ಮತ್ತು ಪಾದರಸ

ಪಾದರಸದ ಮಾಲಿನ್ಯವೆಂದರೆ ಮೊದಲು ನೆನಪಾಗುವುದು ಜಪಾನಿನ ಮಿನಮಾಟಾ. ನಮ್ಮ ಕಡೆಗೆ ಬಂದರೆ ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ, ಕಾರವಾರದ ಬಿಣಗಾ. ಎಲ್ಲವೂ ಕಾರ್ಖಾನೆಯ ಕಥೆಗಳು. ಹೆಚ್ಚಿನವು ಕಡಲು ಮತ್ತು ಮೀನಿನ ಕಥೆಗಳು. ಅರೇಹಳ್ಳಿ ಹೋಬಳಿಯಲ್ಲಿ ಕಡಲಿಲ್ಲ. ಇರುವುದು ಕಾಫಿ ತೋಟ, ಅದರೊಳಗೆ ಮೆಣಸಿನ ಬಳ್ಳಿ, ತೋಟ ಇಳಿದು ಮುಗಿಯುವಲ್ಲಿ ಭತ್ತದ ಗದ್ದೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಮಲೆನಾಡ ಅಂಚಿನಿಂದ ಪೂರ್ವಕ್ಕೆ, ಹಳೇಬೀಡಿನ ಕಡೆಗೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಕಾಫಿ ಹಿಂದೆ ಸರಿದು ಆಲೂಗೆಡ್ಡೆ, ಮುಸುಕಿನ ಜೋಳ, ರಾಗಿಯ ಹೊಲಗಳು ಬರುತ್ತವೆ. ಒಂದೇ ತಾಲ್ಲೂಕಿನೊಳಗೆ ಎರಡು ಬಗೆಯ ಬೇಸಾಯ. ಎರಡರ ನೀರೂ ಕೊನೆಗೆ ಸೇರುವುದು ಹೆಚ್ಚಾಗಿ ಯಗಚಿ, ಹೇಮಾವತಿಗಳನ್ನು.

ಈ ಸೀಮೆಗೆ ಪಾದರಸ ಕಾನೂನುಬದ್ಧವಾಗಿಯೇ ಬರಬಹುದಾಗಿದ್ದ ದಾರಿ ಒಂದಿತ್ತು. ಅದು ಬಿತ್ತನೆ ಗೆಡ್ಡೆಗೆ ಹಾಕುವ ಪುಡಿಯ ಪೊಟ್ಟಣ. ಈ ಟಿಪ್ಪಣಿಯಲ್ಲಿ ನಾನು ಹೇಳಹೊರಟಿರುವುದು ಇಷ್ಟು: ಆ ಪಾದರಸದ ಗುರುತನ್ನು ಹೊಲದ ನಡುವೆ ಹುಡುಕಿದರೆ ಸಿಗುವುದು ಕಡಿಮೆ, ಪುಡಿ ಕಲಸಿದ ಡ್ರಮ್ಮು ಎಲ್ಲಿತ್ತೋ ಅಲ್ಲಿ ಹುಡುಕಬೇಕು. ಮನುಷ್ಯರ ಮೈಯಲ್ಲಿ ಹುಡುಕುವುದಾದರೆ ಮೊದಲು ನೋಡಬೇಕಾದ ಅಂಗ ಮೂತ್ರಪಿಂಡ.

ಮಲೆನಾಡಿನ ಬೇಸಾಯದಲ್ಲಿ ಶಿಲೀಂಧ್ರಕ್ಕೆ ಹಾಕುವ ಔಷಧಿಯ ಚರಿತ್ರೆ ಮುಖ್ಯವಾಗಿ ತಾಮ್ರದ ಚರಿತ್ರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಮೈಲುತುತ್ತ, ಸುಣ್ಣ, ನೀರು: ಮೂರೂ ಕಣ್ಣಿಗೆ ಕಾಣುವ, ಕೈಯಲ್ಲೇ ಕಲಸುವ ಪದಾರ್ಥಗಳು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆಯ ಕೇಂದ್ರ ಶುರುವಾಯಿತು. ಕಾಫಿಗೂ ಮೆಣಸಿಗೂ ಇಂದಿಗೂ ಮಳೆಗಾಲದ ಹೊತ್ತಿಗೆ ಬೋರ್ಡೋ ಹೊಡೆಯುವುದು ತೋಟದವರಿಗೆ ಗೊತ್ತಿರುವ ಕೆಲಸ. ತಾಮ್ರವೂ ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ, ಅದರ ವಿಚಾರ ಬೇರೆ. ನೆಲದಡಿ ಬೆಳೆಯುವ, ಗೆಡ್ಡೆಯನ್ನೇ ಬೀಜವಾಗಿ ನೆಡುವ ಬೆಳೆಗಳ ಸಮಸ್ಯೆ ಇನ್ನೊಂದು ಬಗೆಯದು. ರೋಗ ಬೀಜದ ಜೊತೆಗೇ ಮಣ್ಣಿಗೆ ಇಳಿಯುತ್ತದೆ. ಆದ್ದರಿಂದ ಗಿಡ ಮೇಲೆ ಬರುವ ಮೊದಲೇ, ಗೆಡ್ಡೆಯನ್ನೇ ಔಷಧಿಯಲ್ಲಿ ಅದ್ದಬೇಕು. ಆ ಕೆಲಸಕ್ಕೆ ಲೋಕವೆಲ್ಲ ಬಹಳ ಕಾಲ ಆರಿಸಿಕೊಂಡದ್ದು ಪಾದರಸವನ್ನು.

ಸಾವಯವ ಪಾದರಸದ ಬೀಜೋಪಚಾರ ಮಾರುಕಟ್ಟೆಗೆ ಬಂದದ್ದು ಜರ್ಮನಿಯಲ್ಲಿ, ಮೊದಲ ಮಹಾಯುದ್ಧದ ಕಾಲಕ್ಕೆ. ಬೇಯರ್ ಕಂಪನಿಯ ‘ಉಸ್ಪುಲುನ್’ 1915ರದು. ಗೋಧಿಯ ಕಾಡಿಗೆ ರೋಗಕ್ಕೆ ಅದು ಬಹಳ ಚೆನ್ನಾಗಿ ನಾಟಿತು. ಸ್ವಲ್ಪ ಪುಡಿ ಸಾಕು, ಬೀಜ ಹಾಳಾಗದು, ಮೊಳಕೆ ನಿಲ್ಲದು. ಆಮೇಲೆ ಸೆರೆಸಾನ್, ಅಗಲ್ಲಾಲ್, ಅರೆಟಾನ್ ಬಂದವು. ಭಾರತದಲ್ಲಿ ಕೊನೆಯವರೆಗೆ ಉಳಿದ ಹೆಸರು ಎಮಿಸಾನ್. ಇವುಗಳಲ್ಲಿ ಕೊನೆಯ ಮೂರರ ಸತ್ವ ಒಂದೇ: ಮೀಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್. ಉದ್ದ ಹೆಸರು, ಇಲ್ಲಿಂದ ಮುಂದೆ ‘ಎಂಇಎಂಸಿ’ ಎಂದಷ್ಟೇ ಬರೆಯುತ್ತೇನೆ.

ಬೀಜೋಪಚಾರದ ಪಾದರಸ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ತಡವಾಗಿ ಗೊತ್ತಾದ ಸಂಗತಿಯೇನೂ ಅಲ್ಲ. 1937ರಲ್ಲಿ ಇಂಗ್ಲೆಂಡಿನಲ್ಲಿ ಬೀಜೋಪಚಾರದ ಮೀಥೈಲ್ ಪಾದರಸ ತಯಾರಿಸುವ ಕಾರ್ಖಾನೆಯೊಂದರ ನಾಲ್ವರು ಕೆಲಸಗಾರರು ಕಾಯಿಲೆ ಬಿದ್ದರು. ಕೈಕಾಲು ಜೋಮು, ನಡೆಯುವಾಗ ತೂರಾಟ, ತೊದಲು ಮಾತು, ಕಣ್ಣಿನ ಎರಡೂ ಪಕ್ಕದ ನೋಟ ಹೋಗಿ ಎದುರಿನದಷ್ಟೇ ಕಾಣುವುದು. ಹಂಟರ್, ಬಾಮ್‌ಫರ್ಡ್, ರಸೆಲ್ ಎಂಬ ಮೂವರು ವೈದ್ಯರು 1940ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟರು. 1956ರ ಮೇ 1ರಂದು ಮಿನಮಾಟಾದ ಕಾಯಿಲೆ ಅಧಿಕೃತವಾಗಿ ದಾಖಲಾದಾಗ ಅದರ ಕಾರಣ ಯಾರಿಗೂ ಹೊಳೆದಿರಲಿಲ್ಲ. 1958ರಲ್ಲಿ ಅಲ್ಲಿಗೆ ಹೋದ ಬ್ರಿಟಿಷ್ ನರರೋಗ ತಜ್ಞ ಡಗ್ಲಸ್ ಮೆಕಾಲ್ಪೈನ್ ರೋಗಿಗಳ ಲಕ್ಷಣಗಳು ಆ ಬೀಜೋಪಚಾರ ಕಾರ್ಖಾನೆಯ ಕೆಲಸಗಾರರದ್ದನ್ನು ಹೋಲುತ್ತವೆ ಎಂದು ಗುರುತಿಸಿದರು. ಮರು ವರ್ಷ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಸಾವಯವ ಪಾದರಸವೇ ಕಾರಣ ಎಂದು ಸಾರಿತು. ಅಲ್ಲಿನ ಚಿಸ್ಸೋ ಕಾರ್ಖಾನೆಯ ತ್ಯಾಜ್ಯವೇ ಮೂಲವೆಂದು ಜಪಾನ್ ಸರ್ಕಾರ ಒಪ್ಪಿದ್ದು 1968ರಲ್ಲಿ. ಲೋಕಕ್ಕೆಲ್ಲ ಮೀನಿನ ಕಾಯಿಲೆಯೆಂದು ಗೊತ್ತಿರುವ ಮಿನಮಾಟಾದ ಗಂಟನ್ನು ಬಿಡಿಸಿದ ಸುಳಿವು ಬಿತ್ತನೆ ಬೀಜದ ಔಷಧಿಯಿಂದ ಬಂತು. ಬೇಸಾಯದ ನಾಡಿನಲ್ಲಿ ಈ ವಿವರಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಎಣಿಕೆ.

ಇದಕ್ಕಿಂತ ದೊಡ್ಡ ದುರಂತ 1971ರ ಕೊನೆಯಲ್ಲಿ ಇರಾಕಿನಲ್ಲಿ ನಡೆಯಿತು. ಬರಗಾಲದ ನಂತರ ಹೊರದೇಶಗಳಿಂದ ತರಿಸಿದ ಬಿತ್ತನೆ ಗೋಧಿ, ಬಾರ್ಲಿಗೆ ಮೀಥೈಲ್ ಪಾದರಸ ಹಚ್ಚಿ, ಗುರುತಿಗೆಂದು ಕೆಂಪು ಬಣ್ಣ ಬೆರೆಸಿದ್ದರು. ಚೀಲದ ಮೇಲಿನ ಎಚ್ಚರಿಕೆ ಊರವರು ಓದಬಲ್ಲ ಭಾಷೆಯಲ್ಲಿ ಇರಲಿಲ್ಲ. ಬಿತ್ತನೆಯ ಕಾಲ ಮೀರಿದ ಮೇಲೆ ಚೀಲಗಳು ಬಂದ ಕಡೆ ಜನ ಧಾನ್ಯವನ್ನು ತೊಳೆದರು, ಬಣ್ಣ ಹೋಯಿತು, ಬಣ್ಣದ ಜೊತೆ ವಿಷವೂ ಹೋಯಿತೆಂದು ನಂಬಿ ರೊಟ್ಟಿ ಸುಟ್ಟು ತಿಂದರು. ಆಸ್ಪತ್ರೆಗೆ ಸೇರಿದವರು 6,530 ಮಂದಿ, ಅಲ್ಲಿ ಸತ್ತವರು 459. ವಿಷ ತಿಂದ ದಿನಕ್ಕೂ ಲಕ್ಷಣ ಕಾಣಿಸಿಕೊಂಡ ದಿನಕ್ಕೂ ನಡುವೆ ವಾರಗಳ ಅಂತರವಿತ್ತು. ಆ ಅಂತರದಲ್ಲಿ ಅವರು ತಿನ್ನುತ್ತಲೇ ಇದ್ದರು.

ಭಾರತದಲ್ಲಿ ಪಾದರಸದ ಬೇರೆ ಬೀಜೋಪಚಾರ ಔಷಧಿಗಳು ನಿಂತು, ಕೊನೆಗೆ ಎಂಇಎಂಸಿ ಒಂದೇ ಉಳಿಯಿತು. ಅದೂ ಎಲ್ಲ ಬೆಳೆಗಲ್ಲ. ನಿರ್ಬಂಧಿತ ಕೀಟನಾಶಕಗಳ ಪಟ್ಟಿಯಲ್ಲಿ ಅದಕ್ಕೆ ಎರಡು ಬೆಳೆಯ ಬೀಜೋಪಚಾರಕ್ಕಷ್ಟೇ ವಿನಾಯಿತಿ ಇತ್ತು: ಆಲೂಗೆಡ್ಡೆ ಮತ್ತು ಕಬ್ಬು. 2013ರಲ್ಲಿ ಕೇಂದ್ರ ಸರ್ಕಾರ ಅನುಪಮ್ ವರ್ಮಾ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿ, ಬೇರೆ ದೇಶಗಳಲ್ಲಿ ನಿಷೇಧವಾಗಿಯೋ ನಿರ್ಬಂಧಕ್ಕೊಳಗಾಗಿಯೋ ಇಲ್ಲಿ ಬಳಕೆಯಲ್ಲಿದ್ದ 66 ಕೀಟನಾಶಕಗಳನ್ನು ಪರಿಶೀಲಿಸಲು ಹೇಳಿತು. ಪಾದರಸದ ಬಗೆಗಿನ ಮಿನಮಾಟಾ ಒಪ್ಪಂದಕ್ಕೆ ಭಾರತ 2014ರಲ್ಲಿ ಸಹಿ ಹಾಕಿ, 2018ರ ಜೂನ್‌ನಲ್ಲಿ ಅನುಮೋದಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಟ ಕೀಟನಾಶಕ ನಿಷೇಧ ಆದೇಶದಲ್ಲಿ ಎಂಇಎಂಸಿಯೂ ಸೇರಿತು. ಎಂದರೆ ಇಂಗ್ಲೆಂಡಿನ ವೈದ್ಯರು ಆ ಬರಹ ಪ್ರಕಟಿಸಿದ 78 ವರ್ಷಗಳ ಮೇಲೆ, ಇರಾಕಿನ 459 ಸಾವುಗಳಾಗಿ ನಾಲ್ಕೂವರೆ ದಶಕ ಕಳೆದ ಮೇಲೆ ನಮ್ಮ ಆಲೂಗೆಡ್ಡೆಯಿಂದ ಪಾದರಸ ಕಾನೂನಿನ ಮಟ್ಟದಲ್ಲಿ ಹೊರಬಿತ್ತು. ಬದಲಿ ಇರಲಿಲ್ಲವೆಂದು ಹೇಳುವಂತಿಲ್ಲ. ಗೆಡ್ಡೆಯ ಮೇಲ್ಮೈ ರೋಗಗಳಿಗೆ ಬೋರಿಕ್ ಆಮ್ಲದಲ್ಲಿ ಅದ್ದುವ ಕ್ರಮವನ್ನು ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ನಿಷೇಧಕ್ಕೆ ಬಹಳ ಮೊದಲೇ ಕೊಟ್ಟಿತ್ತು.

ಈ ಕಾನೂನಿನ ಸಾಲು ಹಾಸನ ಜಿಲ್ಲೆಗೆ ಏಕೆ ಮುಖ್ಯ? ಕರ್ನಾಟಕದ ಆಲೂಗೆಡ್ಡೆಯೆಂದರೆ ಬಹುಕಾಲ ಹಾಸನದ ಆಲೂಗೆಡ್ಡೆ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಈ ಬೆಳೆಯ ಮೇಲೆ ಕೆಲಸ ಮಾಡುತ್ತ ಬಂದಿದೆ. ಉತ್ತರದಲ್ಲಿ ಇದು ಚಳಿಗಾಲದ ಬೆಳೆಯಾದರೆ ಇಲ್ಲಿ ಮುಂಗಾರಿನದು. ಬೀಜ ಮಾತ್ರ ಪಂಜಾಬಿನ ಜಲಂಧರ್ ಕಡೆಯದು. ಶೈತ್ಯಾಗಾರಗಳಲ್ಲಿ ಇದ್ದ ಬಿತ್ತನೆ ಗೆಡ್ಡೆ ಲಾರಿಯಲ್ಲಿ ಬಂದು ಹಾಸನದ ಎಪಿಎಂಸಿಯಲ್ಲಿ ಮಾರಾಟವಾಗುತ್ತದೆ. ಪ್ರತಿ ವರ್ಷ ಬೀಜದ ಬೆಲೆ, ಗುಣಮಟ್ಟ, ಅಂಗಮಾರಿ, ಈ ಮೂರರ ಸುತ್ತ ರೈತರ ಆತಂಕ. ಅಂಗಮಾರಿಯ ಹೊಡೆತಕ್ಕೆ ಸಿಕ್ಕಿ ಆಲೂಗೆಡ್ಡೆಯ ವಿಸ್ತೀರ್ಣ ಈಗ ತುಂಬಾ ಇಳಿದಿದೆ. ಬಿಟ್ಟ ಹೊಲಕ್ಕೆ ಜೋಳವೂ ಶುಂಠಿಯೂ ಬಂದಿವೆ. ಆದರೆ ಲೋಹಕ್ಕೆ ಬೆಳೆ ಬದಲಾದದ್ದು ಗೊತ್ತಾಗುವುದಿಲ್ಲ.

ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಪಾದರಸ ಯಾರ ಕೈ ಸೇರುತ್ತದೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಮೇ ತಿಂಗಳ ಒಂದೆರಡು ಹದವಾದ ಮಳೆ ಬಿದ್ದ ಮೇಲೆ ಚೀಲ ಬಿಚ್ಚಿ ಗೆಡ್ಡೆಗಳನ್ನು ನೆರಳಿನಲ್ಲಿ ಸುರಿಯುತ್ತಾರೆ. ಹೆಂಗಸರು ಸುತ್ತ ಕೂತು, ಒಂದೊಂದು ಹೋಳಿನಲ್ಲೂ ಎರಡು ಮೂರು ಕಣ್ಣು ಉಳಿಯುವಂತೆ ಹೆಚ್ಚುತ್ತಾರೆ. ಕೊಳೆತ ಗೆಡ್ಡೆ ಸಿಕ್ಕರೆ ಆಚೆಗೆ ಎಸೆದು, ಚಾಕು ಒರೆಸಿಕೊಂಡು ಮುಂದಿನದಕ್ಕೆ ಕೈ ಹಾಕುತ್ತಾರೆ. ಹೋಳುಗಳನ್ನು ಬುಟ್ಟಿಯಲ್ಲೋ ಬಲೆಯ ಚೀಲದಲ್ಲೋ ತುಂಬಿ ಔಷಧಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ಎತ್ತಿ, ಸೋರಲು ಬಿಟ್ಟು, ಗೋಣಿ ತಾಟಿನ ಮೇಲೆ ಹರಡುತ್ತಾರೆ. ಡ್ರಮ್ಮಿಗೆ ನೀರು ಬೇಕು. ಆದ್ದರಿಂದ ಅದರ ಜಾಗ ಬೋರ್‌ವೆಲ್ಲಿನ ಹತ್ತಿರ, ಪಂಪ್‌ಹೌಸಿನ ಮಗ್ಗುಲು, ಇಲ್ಲವೆ ಕಣದ ಅಂಚು. ಈಗ ಆ ನೀರಿನಲ್ಲಿ ಇರುವುದು ಹೆಚ್ಚಾಗಿ ಮ್ಯಾಂಕೋಜೆಬ್. ಔಷಧಿ ಬದಲಾಗಿದೆ, ಕೈಗಳು, ಡ್ರಮ್ಮು, ಜಾಗ ಬದಲಾಗಿಲ್ಲ.

ಈಗ ಸ್ವಲ್ಪ ಲೆಕ್ಕ. ‘ಎಮಿಸಾನ್ 6’ ಎಂಬ ಹೆಸರಿನ ಆರು, ಪಾದರಸದ ಶೇಕಡಾವಾರು. 100 ಗ್ರಾಂ ಪುಡಿಯಲ್ಲಿ 6 ಗ್ರಾಂ ಪಾದರಸ. ಜ್ವರ ನೋಡುವ ಗಾಜಿನ ಥರ್ಮಾಮೀಟರಿನಲ್ಲಿ ಇರುವುದು ಸುಮಾರು 1 ಗ್ರಾಂ. ಒಂದು ಥರ್ಮಾಮೀಟರು ಒಡೆದರೆ ಮಕ್ಕಳನ್ನು ಆಚೆ ಕಳಿಸುತ್ತೇವೆ. ಆರು ಥರ್ಮಾಮೀಟರಿನಷ್ಟು ಪಾದರಸ ಒಂದು ಸಣ್ಣ ಪೊಟ್ಟಣದಲ್ಲಿ ಪುಡಿಯಾಗಿ ಮನೆಗೆ ಬರುತ್ತಿತ್ತು. ಗೆಡ್ಡೆ ಅದ್ದಲು ಪ್ರಚಲಿತವಾಗಿದ್ದ ಪ್ರಮಾಣ ಶೇಕಡಾ 0.25, ಎಂದರೆ 100 ಲೀಟರ್ ನೀರಿಗೆ 250 ಗ್ರಾಂ ಪುಡಿ. ಅದರಲ್ಲಿ ಪಾದರಸ 15 ಗ್ರಾಂ. ಲೀಟರಿಗೆ 150 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಡ್ರಮ್ಮಿನ ನೀರು ಆ ಮಿತಿಯ ಒಂದೂವರೆ ಲಕ್ಷ ಪಟ್ಟು. ಕಾರ್ಖಾನೆಯೊಂದು ಹೊರಗೆ ಬಿಡಬಹುದಾದ ತ್ಯಾಜ್ಯನೀರಿಗೆ ಇರುವ 0.01 ಮಿಲಿಗ್ರಾಂ ಮಿತಿಗೆ ಹೋಲಿಸಿದರೂ ಹದಿನೈದು ಸಾವಿರ ಪಟ್ಟು. ಕಾರ್ಖಾನೆಗೆ ನಿಯಮವಿತ್ತು, ತಪಾಸಣೆಯಿತ್ತು. ಡ್ರಮ್ಮಿಗೆ ಎರಡೂ ಇರಲಿಲ್ಲ.

ಈ 15 ಗ್ರಾಂ ಪೂರ್ತಿ ಒಂದು ಎಕರೆಗೆ ಸೇರಿತೆಂದೇ ಇಟ್ಟುಕೊಳ್ಳೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 800 ಟನ್ ತೂಗುತ್ತದೆ. ಅಷ್ಟರಲ್ಲಿ ಹಂಚಿಹೋದರೆ ಕಿಲೋ ಮಣ್ಣಿಗೆ ಸುಮಾರು 0.02 ಮಿಲಿಗ್ರಾಂ. ಯಾವ ಔಷಧಿಯೂ ಬೀಳದ ಸಾಮಾನ್ಯ ಮಣ್ಣಿನಲ್ಲೇ ಕಿಲೋಗೆ 0.1 ಮಿಲಿಗ್ರಾಂವರೆಗೆ ಪಾದರಸ ಇರುತ್ತದೆ. ಎಂದರೆ ಒಂದು ಹಂಗಾಮಿನ ಉಪಚಾರ ಹೊಲದ ಮಣ್ಣಿನಲ್ಲಿ ಅಳತೆಗೆ ಸಿಕ್ಕುವುದೇ ಕಷ್ಟ. ಇಪ್ಪತ್ತು ವರ್ಷ ಬಿಡದೆ ಹಾಕಿ, ಒಂದಿಷ್ಟೂ ಆವಿಯಾಗಿ ಹೋಗದೆ ಉಳಿದರೆ 0.4. ಇದು ಗಮನಿಸಬೇಕಾದ ಮಟ್ಟ ನಿಜ. ಆದರೆ ಊರನ್ನು ಹೆದರಿಸುವ ಮಟ್ಟವಲ್ಲ. ಹೊಲದ ನಾಲ್ಕು ಮೂಲೆಯಿಂದ ಮಣ್ಣು ತಂದು ಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ವರದಿ ಬರೆದರೆ ಅದು ಸುಳ್ಳಾಗುವುದಿಲ್ಲ. ಅದನ್ನು ನಂಬಿ ಸುಮ್ಮನಾಗುವುದು ಮಾತ್ರ ತಪ್ಪು.

ಏಕೆಂದರೆ ಡ್ರಮ್ಮಿನಲ್ಲಿ ಕೊನೆಗೆ ನೀರು ಉಳಿಯುತ್ತದೆ. ಅರ್ಧದಷ್ಟು, ಎಂದರೆ 50 ಲೀಟರ್ ಉಳಿದು, ಅದರಲ್ಲಿ 7.5 ಗ್ರಾಂ ಪಾದರಸ ಇದ್ದು, ಅದನ್ನು ಡ್ರಮ್ಮು ಮಗುಚಿ ಒಂದು ಚದರ ಮೀಟರಿನಷ್ಟು ಜಾಗಕ್ಕೆ ಚೆಲ್ಲಿದರೆ ಏನಾಗುತ್ತದೆ? ಆ ಜಾಗದ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 200 ಕಿಲೋ. ಕಿಲೋ ಮಣ್ಣಿಗೆ 37 ಮಿಲಿಗ್ರಾಂಗೂ ಹೆಚ್ಚು, ಒಂದೇ ಹಂಗಾಮಿನಲ್ಲಿ. ಸಾಮಾನ್ಯ ಮಣ್ಣಿನ ನೂರಾರು ಪಟ್ಟು. ಪ್ರತಿ ವರ್ಷ ಡ್ರಮ್ಮು ಅದೇ ಜಾಗದಲ್ಲಿ ಇದ್ದರೆ ಅದು ಕೂಡುತ್ತಲೇ ಹೋಗುತ್ತದೆ. ಪಾದರಸ ಸಾವಯವ ಅಂಶವಿರುವ ಮಣ್ಣಿಗೆ, ಕಬ್ಬಿಣದ ಕೆಂಪು ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಲೋಹ. ಬಾವಿಗೆ ನೇರ ಇಳಿಯುವುದಕ್ಕಿಂತ ಬಿದ್ದಲ್ಲೇ ಕೂರುವುದೇ ಹೆಚ್ಚು. ಹಾಗೆ ಕೂತ ಮಣ್ಣು ಕಣದ ಧೂಳಾಗುತ್ತದೆ, ಕೋಳಿ ಕೆದಕುವ ನೆಲವಾಗುತ್ತದೆ, ಮಗು ಆಡುವ ಅಂಗಳವೂ ಆಗಬಹುದು. ಮಳೆ ಹೊಡೆದಾಗ ಕಣ ಕಣವಾಗಿ ಚರಂಡಿಗೆ, ಅಲ್ಲಿಂದ ಗದ್ದೆಗೆ ಹೋಗುತ್ತದೆ. ಒಂದು ಹಳ್ಳಿಯಲ್ಲಿ ಅಂಥ ಜಾಗಗಳು ಬೆರಳೆಣಿಕೆಯಷ್ಟಿರಬಹುದು. ಅವು ಎಲ್ಲೆಲ್ಲಿ ಎಂದು ಹೇಳಬಲ್ಲವರು ಗೆಡ್ಡೆ ಹೆಚ್ಚಿದ ಹೆಂಗಸರೇ. ಅವರ ನೆನಪಿನ ಸಹಾಯವಿಲ್ಲದೆ ಮಾಡುವ ಮಣ್ಣು ಪರೀಕ್ಷೆ ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸ.

ಇನ್ನು ಮೈಗೆ ಏನಾಗುತ್ತದೆ ಎಂಬುದು. ಪಾದರಸದ ಎಲ್ಲ ರೂಪಗಳೂ ವಿಷವೇ, ಆದರೆ ಒಂದೊಂದು ರೂಪ ಒಂದೊಂದು ಅಂಗವನ್ನು ಹಿಡಿಯುತ್ತದೆ. ದ್ರವ ಪಾದರಸವನ್ನು ಆಕಸ್ಮಿಕವಾಗಿ ನುಂಗಿದರೆ ಅದು ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಅದರ ಆವಿಯನ್ನು ಉಸಿರಾಡಿದರೆ ಹೀರಿಕೊಂಡದ್ದು ಮಿದುಳಿಗೆ ಸೇರಿ ಕೈ ನಡುಕ, ನಿದ್ರೆಗೇಡು, ಒಸಡಿನ ಊತ ತರುತ್ತದೆ. ಮೀಥೈಲ್ ಪಾದರಸ ಕರುಳಿನಿಂದ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಬಂದು, ಮಿದುಳಿಗೂ ಗರ್ಭದ ಕೂಸಿಗೂ ದಾಟುತ್ತದೆ. ಎಂಇಎಂಸಿಯೂ ಸಾವಯವ ಪಾದರಸವೇ ಆದರೂ ಅದರ ಬಂಧ ಸಡಿಲ. ಮೈಯೊಳಗೆ ಬೇಗ ಒಡೆದು ಅಸಾವಯವ ಪಾದರಸವಾಗುತ್ತದೆ. ಅಸಾವಯವ ಪಾದರಸ ಹೋಗಿ ಕೂರುವುದು ಮೂತ್ರಪಿಂಡದಲ್ಲಿ. ಆದ್ದರಿಂದ ಮಿನಮಾಟಾದ ತೂರಾಟ, ತೊದಲನ್ನು ಹಾಸನದ ಹೊಲಗಳಲ್ಲಿ ಹುಡುಕಿ, ಸಿಗಲಿಲ್ಲವೆಂದು ಕೈ ತೊಳೆದುಕೊಳ್ಳುವುದು ತಪ್ಪು ದಾರಿ. ಕೇಳಬೇಕಾದ ಪ್ರಶ್ನೆಗಳು ಬೇರೆ: ಮೂತ್ರ ನೊರೆ ನೊರೆಯಾಗಿ ಹೋಗುತ್ತಿದೆಯೇ, ಬೆಳಿಗ್ಗೆ ಏಳುವಾಗ ಮುಖ ಊದಿರುತ್ತದೆಯೇ, ಸಂಜೆಗೆ ಪಾದದಲ್ಲಿ ಬಾವು ಬರುತ್ತದೆಯೇ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ.

ಈ ಪ್ರಶ್ನೆಗಳಿಗೆ ಇಂದು ಇನ್ನೊಂದು ತುರ್ತು ಕಾರಣವಿದೆ. ಅದು ಹೊಲದ್ದಲ್ಲ, ಕನ್ನಡಿ ಮುಂದಿನದು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಆಸ್ಪತ್ರೆಯೊಂದರ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಯ 22 ರೋಗಿಗಳನ್ನು ಅಭ್ಯಾಸ ಮಾಡಿದರು. ಅವರಲ್ಲಿ 15 ಮಂದಿಗೆ ‘ನೆಲ್-1’ ಎಂಬ ಅಪರೂಪದ ಗುರುತಿತ್ತು. ಆ 15ರಲ್ಲಿ 13 ಮಂದಿ ಮೈ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಪಾದರಸದ ಲವಣ ಚರ್ಮದ ಬಣ್ಣ ತಯಾರಾಗುವುದನ್ನು ತಡೆಯುತ್ತದೆ, ಅದಕ್ಕೇ ಅದನ್ನು ಬೆರೆಸುತ್ತಾರೆ. ಭಾರತದ ನಿಯಮದಲ್ಲಿ ಇಂಥ ಕ್ರೀಮಿನಲ್ಲಿ ಉದ್ದೇಶವಿಲ್ಲದೆ ಸೇರಿದ ಪಾದರಸ ದಶಲಕ್ಷಕ್ಕೆ ಒಂದು ಭಾಗ ಮೀರುವಂತಿಲ್ಲ. ವಿಳಾಸವಿಲ್ಲದ ಡಬ್ಬಿಗಳಲ್ಲಿ ಸಾವಿರಾರು ಭಾಗ ಸಿಕ್ಕ ಉದಾಹರಣೆಗಳು ಹಲವು ದೇಶಗಳಲ್ಲಿವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದೇ ನೆಲ್-1 ಗುರುತಿನ ಕಾಯಿಲೆಯನ್ನು ಪಾದರಸವಿರುವ ನಾಟಿ ಔಷಧಿಗಳ ಜೊತೆ ಸಂಬಂಧಿಸಿ ತೋರಿಸಿದ್ದಾರೆ. ಪರಿಸರ ಮಾಲಿನ್ಯದ ಟಿಪ್ಪಣಿಯಲ್ಲಿ ಕ್ರೀಮು ಏಕೆ ಎಂದು ಕೇಳುವವರಿದ್ದಾರೆ. ಮೂತ್ರಪಿಂಡಕ್ಕೆ ಪಾದರಸ ಯಾವ ಬಾಗಿಲಿಂದ ಬಂತೆಂಬ ಭೇದವಿಲ್ಲ. ಅರೇಹಳ್ಳಿಯ ಹೆಣ್ಣುಮಗಳೊಬ್ಬಳ ಮೂತ್ರದಲ್ಲಿ ನಾಳೆ ಪಾದರಸ ಸಿಕ್ಕರೆ, ಅದು ಗೆಡ್ಡೆಯದೋ ಡಬ್ಬಿಯದೋ ಎಂದು ಬಿಡಿಸದೆ ಸಂಶೋಧಕ ಒಂದು ಮಾತೂ ಆಡುವಂತಿಲ್ಲ.

ಮತ್ತೆ ಮಣ್ಣಿಗೆ ಬರುತ್ತೇನೆ. ಅಸಾವಯವ ಪಾದರಸ ಮೂತ್ರಪಿಂಡಕ್ಕಷ್ಟೇ ಸಂಬಂಧಿಸಿದ್ದು ಎಂದು ನಿಲ್ಲಿಸಿದರೆ ಮಲೆನಾಡಿನ ಮಟ್ಟಿಗೆ ಮಾತು ಪೂರ್ಣವಾಗದು. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅಸಾವಯವ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅವುಗಳಿಗೆ ಆ ಶಕ್ತಿ ಕೊಡುವ ಎರಡು ಜೀನುಗಳನ್ನು 2013ರಲ್ಲಿ ಗುರುತಿಸಲಾಯಿತು. ಕೆರೆಯ ತಳದ ಹೂಳಿನಲ್ಲಿ ಇದು ನಡೆಯುತ್ತದೆ. ಭತ್ತದ ಗದ್ದೆಯಲ್ಲೂ ನಡೆಯುತ್ತದೆ. ಚೀನಾದ ಗುಯಿಝೌ ಪ್ರಾಂತ್ಯದಲ್ಲಿ ಪಾದರಸದ ಗಣಿಗಳ ಸುತ್ತಲಿನ ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ, ಒಳನಾಡಿನಲ್ಲಿ ಮೀಥೈಲ್ ಪಾದರಸ ಮೈಗೆ ಬರುವ ಮುಖ್ಯ ದಾರಿ ಮೀನಲ್ಲ, ಅನ್ನ ಎಂದು ತೋರಿಸಿತು. ಗಣಿಯ ಊರಿನ ಮಟ್ಟವನ್ನು ಬೇಲೂರಿಗೆ ತಂದು ಹಚ್ಚುವುದು ಸರಿಯಲ್ಲ. ಆದರೆ ದಾರಿ ಅದೇ. ಮೇಲೆ ಹೊಲ, ಕಣ, ಮನೆ, ಕೆಳಗೆ ಗದ್ದೆ, ಗದ್ದೆಯ ತಲೆಯಲ್ಲೋ ಬುಡದಲ್ಲೋ ಒಂದು ಕೆರೆ. ಇಳಿಜಾರಿನಲ್ಲಿ ಕೊಚ್ಚಿಹೋದದ್ದೆಲ್ಲ ಬಂದು ನಿಲ್ಲುವ ನೆಲದಲ್ಲೇ ನಾವು ಅನ್ನ ಬೆಳೆಯುತ್ತೇವೆ. ಗದ್ದೆಗೆ ನೀರು ಕಟ್ಟಿ, ಮತ್ತೆ ಒಣಗಲು ಬಿಟ್ಟು, ಮತ್ತೆ ಕಟ್ಟುವ ಪದ್ಧತಿಯಲ್ಲಿ ಮೀಥೈಲ್ ಪಾದರಸ ಕಡಿಮೆಯಾಗುತ್ತದೆ ಎಂಬುದೂ ಪರೀಕ್ಷೆಗಳಲ್ಲಿ ಕಂಡಿದೆ. ಗುಡ್ಡದ ಬುಡದ ಜವಳು ಗದ್ದೆಯಲ್ಲಿ ಅದು ಸಾಧ್ಯವಿಲ್ಲ. ಬಯಲ ಕಡೆಯ ಗದ್ದೆಯಲ್ಲಿ ಸಾಧ್ಯ.

ಗಾಳಿಯಿಂದ ಬರುವ ಪಾದರಸವೂ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಲ್ಲಿ 2015ರಲ್ಲಿ ಮನುಷ್ಯರ ಕೆಲಸಗಳಿಂದ ಗಾಳಿಗೆ ಸೇರಿದ್ದು ಸುಮಾರು 2,220 ಟನ್. ಅದರಲ್ಲಿ ದೊಡ್ಡ ಪಾಲು ಸಣ್ಣಪ್ರಮಾಣದ ಚಿನ್ನದ ಗಣಿಗಾರಿಕೆಯದು, ಆಮೇಲಿನದು ಕಲ್ಲಿದ್ದಲಿನದು. ಅದನ್ನು ಎಲೆಗಳು ಹೀರಿಕೊಂಡು, ಉದುರಿ, ಕಾಡಿನ ನೆಲಕ್ಕೆ ಸೇರಿಸುತ್ತವೆ. ಕಾಫಿಯ ನೆರಳು ಮರಗಳ ತರಗೆಲೆಯೂ ಆ ಕೆಲಸ ಮಾಡುತ್ತದೆ. ಇದು ಎಲ್ಲ ಕಡೆಗೂ ಬೀಳುವ ಹಿನ್ನೆಲೆ. ಡ್ರಮ್ಮಿನ ಜಾಗವನ್ನು ಇದರಿಂದ ಬೇರ್ಪಡಿಸಲು ಒಂದು ಹಳೆಯ ತೋಟದ ನೆರಳಿನ ಮಣ್ಣನ್ನೂ ಅಳೆದಿಟ್ಟುಕೊಂಡರೆ ಸಾಕು.

ಕರ್ನಾಟಕದಲ್ಲಿ ಹೀಗೆ ಜಾಗ ಹಿಡಿದು ಅಳೆದ ಒಳ್ಳೆಯ ಉದಾಹರಣೆ ಬಿಣಗಾದ್ದೇ. ಪಾದರಸದ ತೊಟ್ಟಿಗಳಲ್ಲಿ ಉಪ್ಪುನೀರಿನಿಂದ ಕಾಸ್ಟಿಕ್ ಸೋಡಾ ತೆಗೆಯುತ್ತಿದ್ದ ಅಲ್ಲಿನ ಕಾರ್ಖಾನೆಯ ಹತ್ತಿರದ ಕಡಲಿನ ಪಾದರಸದ ಬಗ್ಗೆ ಕೃಷ್ಣಕುಮಾರ್ ಮತ್ತು ಪಿಳ್ಳೈ 1990ರಲ್ಲಿ ಪ್ರಕಟಿಸಿದರು. ಮೂಲ ಎಲ್ಲಿದೆಯೋ ಅಲ್ಲಿಂದ ಶುರುಮಾಡಿ ದೂರ ದೂರಕ್ಕೆ ಅಳೆಯುತ್ತ ಹೋಗುವ ಆ ಬಗೆಯ ಕ್ರಮ ಹೊಲಕ್ಕೂ ಒಗ್ಗುತ್ತದೆ. ಮೀನು ತಿನ್ನುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು: ಘಟ್ಟ ಹತ್ತಿ ಬೇಲೂರು, ಅರೇಹಳ್ಳಿಯ ಸಂತೆಗೆ ಬರುವ ಬೂತಾಯಿ, ಬಂಗುಡೆ ಕಡಿಮೆ ಆಯಸ್ಸಿನ ಸಣ್ಣ ಮೀನುಗಳು, ಅವುಗಳಲ್ಲಿ ಪಾದರಸ ಕೂಡುವುದು ಕಡಿಮೆ. ದೊಡ್ಡ ಬೇಟೆಗಾರ ಮೀನುಗಳನ್ನು, ಮುಖ್ಯವಾಗಿ ಶಾರ್ಕನ್ನು, ಬಸುರಿಯರು ಬಿಡುವುದು ಒಳ್ಳೆಯದು. ಪಾದರಸದ ಹೆದರಿಕೆಗೆ ಬೂತಾಯಿ ಬಿಡಬೇಕಾಗಿಲ್ಲ.

ಶುಂಠಿಯ ವಿಚಾರ ಬೇರೆಯೇ ತೊಡಕಿನದು. ಎಂಇಎಂಸಿಯ ವಿನಾಯಿತಿಯಲ್ಲಿ ಶುಂಠಿ ಇರಲಿಲ್ಲ. ಆದರೆ ಕೊಳೆರೋಗದ ಭಯ ಆಲೂಗೆಡ್ಡೆಗಿಂತ ಶುಂಠಿಗೆ ಹೆಚ್ಚು, ಬಂಡವಾಳವೂ ಹೆಚ್ಚು. ಹೊಲವನ್ನು ಒಂದು ಬೆಳೆಗೆ ಗುತ್ತಿಗೆ ಪಡೆದು, ಬೆಳೆದು, ಮುಂದಿನ ವರ್ಷ ರೋಗವಿಲ್ಲದ ಇನ್ನೊಂದು ನೆಲಕ್ಕೆ ಹೋಗುವುದು ಈ ವ್ಯಾಪಾರದ ಕ್ರಮ. ಗುತ್ತಿಗೆದಾರ ಹೋದಾಗ ಆ ಮಣ್ಣಿಗೆ ಏನೇನು ಬಿತ್ತೆಂಬ ಲೆಕ್ಕವೂ ಅವನ ಜೊತೆ ಹೋಗುತ್ತದೆ, ಹೊಲ ಉಳಿಯುತ್ತದೆ. ಬಳಸಿದ ಔಷಧಿಗಳ ಹೆಸರು, ಪ್ರಮಾಣ, ಕಲಸಿದ ಜಾಗ ಇವು ಗುತ್ತಿಗೆ ಕರಾರಿನಲ್ಲಿಯೇ ಬರೆದಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಾದರಸ ಅದಕ್ಕೆ ಒಂದು ಕಾರಣ ಮಾತ್ರ.

ಅಳತೆಯ ಕೆಲಸಕ್ಕೆ ಕೈ ಹಾಕುವವರಿಗೆ ಕೆಲವು ವಿವರ. ಮೂತ್ರದಲ್ಲಿ ಕಾಣುವುದು ಅಸಾವಯವ ಪಾದರಸ ಮತ್ತು ಆವಿಯ ಪಾದರಸ. ತಲೆಕೂದಲಲ್ಲಿ ಕಾಣುವುದು ಮೀಥೈಲ್ ಪಾದರಸ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ತುಂಡು ತುಂಡಾಗಿ ನೋಡಿದರೆ ತಿಂಗಳ ಲೆಕ್ಕವೂ ಸಿಗುತ್ತದೆ. ಗೆಡ್ಡೆ ಹೆಚ್ಚಿದವರಿಗೆ ಕೂದಲು ಪರೀಕ್ಷೆ ಮಾಡಿ ನಿರಾಳವಾಗುವುದೂ, ಗದ್ದೆಯ ಅನ್ನ ಉಂಡವರಿಗೆ ಬರೀ ಮೂತ್ರ ನೋಡುವುದೂ ಪ್ರಯೋಜನವಿಲ್ಲದ ಕೆಲಸ. ಅಸಾವಯವ ಪಾದರಸ ಸುಮಾರು ಎರಡು ತಿಂಗಳಲ್ಲಿ ಮೈಯಿಂದ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ 2018ಕ್ಕೆ ಮೊದಲಿನ ಬಳಕೆ ಇಂದಿನ ಮೂತ್ರದಲ್ಲಿ ಕಾಣುವುದಿಲ್ಲ. ಇಂದು ಪಾದರಸ ಕಂಡರೆ ಇಂದಿನ ಮೂಲವನ್ನೇ ಹುಡುಕಬೇಕು. ಹಳೆಯದಕ್ಕೆ ಸಾಕ್ಷಿ ಮಣ್ಣು. ಭತ್ತದ ಮಾದರಿಯನ್ನು ಕುಯ್ಲಿನ ಹೊತ್ತಿಗೆ, ಚರಂಡಿ ಬಂದು ಸೇರುವ ಮೊದಲ ಗದ್ದೆಯಿಂದಲೂ ಕೊನೆಯ ಗದ್ದೆಯಿಂದಲೂ ಬೇರೆ ಬೇರೆ ತೆಗೆಯಬೇಕು. ಒಟ್ಟು ಪಾದರಸ, ಮೀಥೈಲ್ ಪಾದರಸ ಎರಡನ್ನೂ ಅಳೆಯಬೇಕು.

ಹಳೆಯ ಪೊಟ್ಟಣ ಯಾರ ಅಟ್ಟದಲ್ಲಾದರೂ ಉಳಿದಿದ್ದರೆ ಅದನ್ನು ಸುಡಬಾರದು, ಹೂಳಬಾರದು, ಹಳ್ಳಕ್ಕೆ ಎಸೆಯಬಾರದು. ಸುಟ್ಟರೆ ಪಾದರಸ ಆವಿಯಾಗಿ ಸುಟ್ಟವರ ಶ್ವಾಸಕ್ಕೇ ಹೋಗುತ್ತದೆ. ಪೊಟ್ಟಣವನ್ನು ಬಿಚ್ಚದೆ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿದು, ಮೇಲೆ ಕನ್ನಡದಲ್ಲಿ ‘ಪಾದರಸದ ವಿಷ’ ಎಂದು ಬರೆದು, ಮಕ್ಕಳಿಗೂ ದನಗಳಿಗೂ ಎಟುಕದ ಕಡೆ ಇಟ್ಟು ರೈತ ಸಂಪರ್ಕ ಕೇಂದ್ರಕ್ಕೆ ಬರೆದು ತಿಳಿಸಬೇಕು. ಇಂಥದ್ದು ಕೊನೆಗೆ ಹೋಗಬೇಕಾದ್ದು ದಾಬಸ್‌ಪೇಟೆಯ ಬಳಿ ಇರುವಂಥ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ. ಪುಡಿ ಕಲಸುತ್ತಿದ್ದ ಡ್ರಮ್ಮನ್ನು ಕುಡಿಯುವ ನೀರಿಗೂ ಕಲಗಚ್ಚಿಗೂ ಬಳಸಬಾರದು. ಅದು ಇದ್ದ ಜಾಗ ಗೊತ್ತಿದ್ದರೆ, ಮಣ್ಣಿನ ವರದಿ ಬರುವವರೆಗೆ ಅಲ್ಲಿ ಸೊಪ್ಪು ತರಕಾರಿ ಹಾಕದೆ, ಕೋಳಿ ಬಿಡದೆ, ಧೂಳು ಏಳದಂತೆ ಹುಲ್ಲು ಬೆಳೆಯಲು ಬಿಡಬೇಕು.